ಮೊಬೈಲ್ ಇಸ್ಪೀಟು ಮಕ್ಕಳಿಗೆ ಬೇಕೆ?

(ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)





ಹಗಲೆಲ್ಲ ಹೊಲ, ಕೂಲಿ, ದನ ಕರು. ಸಂಜೆಯಾದರೆ ಒಲೆ ಮುಂದೆ ಕೆಲಸ. ಅದನ್ನೆಲ್ಲ ಮುಗಿಸಿ, ಸ್ಲೇಟು ಹಿಡಿದು ಇಲ್ಲಿಗೆ ಬಂದಿದ್ದೀರಿ. ಕೆಲವರ ಕಣ್ಣಲ್ಲಿ ಆಗಲೇ ನಿದ್ದೆ ಕಾಣ್ತಿದೆ. ಆದರೂ ಇವತ್ತು ಸ್ವಲ್ಪ ಹೊತ್ತು ನಮ್ಮ ಮಾತು ಕೇಳಿ. ಬರೆಯುವ ಪಾಠ ನಾಳೆ ಮಾಡೋಣ.

ಮಾತು ಶುರುವಾದದ್ದು ಒಂದು ಪಾಸ್‌ಬುಕ್ಕಿನಿಂದ.

ನಾವು ನಡೆಸುವ ಇನ್ನೊಂದು ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಾರೆ. ಅವರ ಹೆಸರು ಹೇಳುವುದಿಲ್ಲ. ಊರಿನ ಹೆಸರೂ ಬೇಡ. ಅವರು ಅಕ್ಷರದಲ್ಲಿ ಸ್ವಲ್ಪ ನಿಧಾನ, ಅಂಕಿಯಲ್ಲಿ ಬಲು ಚುರುಕು. ಸಂತೆಯಲ್ಲಿ ಸೊಪ್ಪು ಮಾರಿದ ಕೈ ಅದು. ಮೊದಲು ನೂರರವರೆಗೆ ಬರೆಯೋದು ಕಲಿತರು. ಆಮೇಲೆ ಸಾವಿರದವರೆಗೆ ಓದೋದು ಕಲಿತರು. ಕಲಿತ ಮೇಲೆ ಸುಮ್ಮನೆ ಕೂರಲಿಲ್ಲ. ಬಸ್ಸಿನ ನಂಬರು ಓದಿದರು. ಕರೆಂಟು ಬಿಲ್ಲು ಓದಿದರು. ಒಂದು ದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದರು.

ಅವತ್ತು ರಾತ್ರಿ ಅವರ ಮುಖ ಬಾಡಿ ಹೋಗಿತ್ತು. ಪಾಸ್‌ಬುಕ್ ಬಿಚ್ಚಿ ನಮ್ಮ ಮುಂದೆ ಇಟ್ಟರು. ಬೆರಳಿಟ್ಟು ತಾವೇ ಓದಿದರು. 50. 100. 100. 200. 500. ಮತ್ತೆ 200. ಮತ್ತೆ 500. ಹೀಗೇ ಒಂದು ಪುಟ.

"ಅಕ್ಕಾ, ನಾನು ಬ್ಯಾಂಕಿನಿಂದ ಒಂದು ಪೈಸೆ ತೆಗೆದಿಲ್ಲ. ಈ ದುಡ್ಡೆಲ್ಲ ಎಲ್ಲಿಗೆ ಹೋಯ್ತು?"

ಎಲ್ಲರೂ ಸೇರಿ ಕೂಡಿಸಿದೆವು. 5,850 ರೂಪಾಯಿ ಆಯಿತು. ಗೃಹಲಕ್ಷ್ಮಿಯ ಮೂರು ಕಂತು ಸೇರಿದರೆ 6,000. ಅದಕ್ಕೆ 150 ಕಡಿಮೆ. ಮಗಳ ಕಾಲೇಜು ಫೀಸಿಗೆ ಅಂತ ಮುಟ್ಟದೆ ಇಟ್ಟ ದುಡ್ಡು ಅದು.

ಮನೆಯಲ್ಲಿ ವಿಚಾರಿಸಿದಾಗ ಗೊತ್ತಾಯಿತು. ಒಂಬತ್ತನೇ ತರಗತಿ ಓದುವ ಮಗ ಮೊಬೈಲಿನಲ್ಲಿ ಇಸ್ಪೀಟು ಆಡಿದ್ದ. ದುಡ್ಡು ಕಟ್ಟಿ ಆಡಿದ್ದ. ರಾತ್ರಿ ಕಂಬಳಿ ಹೊದ್ದು, ಒಳಗೇ ಫೋನು ಹಿಡಿದು ಆಡಿದ್ದ. ಪಿನ್ ನಂಬರು ಅವನಿಗೆ ಯಾರು ಕೊಟ್ಟರು? ಅಮ್ಮನೇ ಕೊಟ್ಟಿದ್ದರು. "ನನಗೆ ಓದೋಕೆ ಬರ್ತಿರಲಿಲ್ಲ. ದುಡ್ಡು ಬಂತಾ ನೋಡಪ್ಪ ಅಂತ ಅವನ ಕೈಗೇ ಕೊಡ್ತಿದ್ದೆ" ಅಂದರು.

ಆಮೇಲೆ ಆ ತಾಯಿ ಒಂದು ಪ್ರಶ್ನೆ ಕೇಳಿದರು. "ಅಕ್ಕಾ, ನಮ್ಮಪ್ಪನೂ ಇಸ್ಪೀಟು ಆಡ್ತಿದ್ದ. ಹಬ್ಬದಲ್ಲಿ ಊರೇ ಆಡ್ತಿತ್ತು. ಇದೂ ಅದೇ ಆಟ ತಾನೇ? ಮಕ್ಕಳು ಆಡಿದರೆ ತಪ್ಪಾ?"

ಅವತ್ತು ನಾವು ಸರಿಯಾಗಿ ಉತ್ತರ ಕೊಡಲಿಲ್ಲ. "ತಪ್ಪು" ಅಂತ ಒಂದೇ ಮಾತು ಹೇಳಿದೆವು. ಬರೀ ಅಷ್ಟು ಹೇಳಿದರೆ ಯಾರಿಗೂ ಮನಸ್ಸಿಗೆ ಇಳಿಯುವುದಿಲ್ಲ. ಇವತ್ತು ಆ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳುತ್ತೇವೆ.

ಅರಳಿಕಟ್ಟೆಯ ಆಟ, ಅಂಗೈಯ ಆಟ

ಇಸ್ಪೀಟು ಎಲೆ ನಮಗೆ ಹೊಸದಲ್ಲ. ಯುಗಾದಿಯ ಮಾರನೇ ದಿನ ವರ್ಷತೊಡಕು. ಅವತ್ತು ಎಷ್ಟೋ ಊರುಗಳಲ್ಲಿ ಎಲೆ ಹಾಕುತ್ತಾರೆ. ಅಂದರ್ ಬಾಹರ್, ಮೂರೆಲೆ, ರಮ್ಮಿ ಎಲ್ಲ ನಡೆಯುತ್ತದೆ. ಅದರಿಂದ ಮನೆ ಹಾಳಾದದ್ದೂ ಉಂಟು. ತಾಳಿ ಗುಂಡು ಅಡವಿಟ್ಟು ಆಡಿದ ಗಂಡಂದಿರ ಕತೆ ನಿಮಗೇ ಗೊತ್ತು. ಆ ಆಟ ಒಳ್ಳೆಯದು ಅಂತ ನಾವು ಹೇಳ್ತಿಲ್ಲ.

ಆದರೆ ಅದಕ್ಕೆ ಕೆಲವು ಅಡ್ಡಗಟ್ಟೆ ಇದ್ದವು. ನೆನಪು ಮಾಡಿಕೊಳ್ಳಿ.

ಅರಳಿಕಟ್ಟೆಯಲ್ಲಿ ಆಡುವವನು ಊರಿಗೇ ಕಾಣುತ್ತಾನೆ. ಹೆಂಡತಿ ಹೋಗಿ ಎಬ್ಬಿಸಿಕೊಂಡು ಬರಬಹುದು. ಕತ್ತಲಾದರೆ ಆಟ ನಿಲ್ಲುತ್ತದೆ. ನಾಲ್ಕು ಜನ ಸೇರದಿದ್ದರೆ ಆಟವೇ ಇಲ್ಲ. ಜೇಬಿನ ದುಡ್ಡು ಮುಗಿದರೆ ಎದ್ದು ಬರಲೇಬೇಕು. ನೋಟು ಕೈಯಿಂದ ಕೈಗೆ ಹೋಗುವಾಗ ಹೊಟ್ಟೆ ಚುರ್ ಅನ್ನುತ್ತದೆ. ಚಿಕ್ಕ ಹುಡುಗರು ಹತ್ತಿರ ಬಂದರೆ "ಏಯ್, ನಡಿಯೋ ಮನೆಗೆ" ಅಂತ ಗದರಿಸಿ ಅಟ್ಟುತ್ತಾರೆ. ಆಡುವವರೇ ಅಟ್ಟುತ್ತಾರೆ.

ಈಗ ಮೊಬೈಲ್ ನೋಡಿ. ಕತ್ತಲಾದರೂ ಆಟ ಉಂಟು. ನಡುರಾತ್ರಿ 2 ಗಂಟೆಗೂ ಎದುರಾಳಿ ಸಿಗುತ್ತಾನೆ. ಯಾರಿಗೂ ಕಾಣುವುದಿಲ್ಲ. ಮಗ ಓದ್ತಾ ಇದಾನೆ ಅಂತ ನಾವು ಅಂದುಕೊಳ್ಳುತ್ತೇವೆ. ನೋಟು ಕೈಯಿಂದ ಹೋಗುವುದಿಲ್ಲ. ಬರೀ ನಂಬರು ಕಡಿಮೆ ಆಗುತ್ತದೆ. ಒಂದು ಆಟ ಮುಗಿಯಲು ಕೆಲವೇ ನಿಮಿಷ ಸಾಕು. ಮೂರೆಲೆ ಆದರೆ ಅಷ್ಟೂ ಬೇಡ. "ಇನ್ನೊಂದು ಆಟ" ಅಂತ ಪರದೆಯ ಮೇಲೆ ಗುಂಡಿ ಹೊಳೆಯುತ್ತಾ ಇರುತ್ತದೆ. ಒತ್ತಿದರೆ ಸಾಕು. "ನಡಿಯೋ ಮನೆಗೆ" ಅನ್ನುವವರು ಅಲ್ಲಿ ಯಾರೂ ಇಲ್ಲ.

ಇನ್ನೊಂದು ಮಾತು. ಕಟ್ಟೆಯಲ್ಲಿ ಎದುರಿಗೆ ಕೂತವನ ಮುಖ ಕಾಣುತ್ತದೆ. ಮೋಸ ಮಾಡಿದರೆ ಜಗಳ ಆಡಬಹುದು. ಮೊಬೈಲಿನಲ್ಲಿ ಎದುರಿಗೆ ಇರುವುದು ಬರೀ ಒಂದು ಹೆಸರು, ಒಂದು ಚಿತ್ರ. ಅವನು ಮನುಷ್ಯನೋ ಯಂತ್ರವೋ ಆಡುವವನಿಗೆ ಗೊತ್ತಾಗುವುದಿಲ್ಲ. ಎಲೆ ಕಲೆಸುವುದೂ ಯಂತ್ರವೇ.

ಬೀಜದ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಹುಣಸೆ ಬೀಜ ತಂದಿದ್ದೇವೆ. ಐದು ಜನ ಮುಂದೆ ಬನ್ನಿ. ನೀವು, ನೀವು. ಅಜ್ಜೀ, ನೀವೂ ಬನ್ನಿ.

ಒಬ್ಬೊಬ್ಬರಿಗೆ 20 ಬೀಜ. ಐದು ಜನಕ್ಕೆ 100 ಬೀಜ. ಒಂದು ಬೀಜ ಅಂದರೆ ಒಂದು ರೂಪಾಯಿ ಅಂದುಕೊಳ್ಳಿ. ಪ್ರತಿ ಆಟಕ್ಕೂ ಒಬ್ಬೊಬ್ಬರು 2 ಬೀಜ ನಡುವೆ ಇಡಿ. ನಡುವೆ 10 ಬೀಜ ಆಯಿತು. ಚೀಟಿ ಎತ್ತೋಣ. ಯಾರ ಹೆಸರು ಬಂತೋ ಅವರು ಗೆದ್ದರು. ಗೆದ್ದವರಿಗೆ 10 ಬೀಜ ಕೊಡಬೇಕು ತಾನೇ? ಇಲ್ಲ. 9 ಕೊಡುತ್ತೇವೆ. ಒಂದು ಬೀಜ ಈ ಡಬ್ಬಿಗೆ. ಯಾಕೆ? ಆಟ ಆಡಿಸಿದ್ದಕ್ಕೆ ನಮ್ಮ ಪಾಲು.

"ಒಂದು ಬೀಜ ತಾನೇ, ಹೋಗಲಿ ಬಿಡಿ" ಅಂತೀರಿ. ಸರಿ, ಮುಂದೆ ಆಡಿ.

10 ಆಟ ಆಯಿತು. ಡಬ್ಬಿಯಲ್ಲಿ 10 ಬೀಜ. ನಿಮ್ಮೆಲ್ಲರ ಹತ್ತಿರ ಸೇರಿ 90.

20 ಆಟ ಆಯಿತು. ಡಬ್ಬಿಯಲ್ಲಿ 20. ನಿಮ್ಮ ಹತ್ತಿರ 80. ಈಗ ಒಬ್ಬರ ಬೀಜ ಪೂರಾ ಮುಗಿಯಿತು. ಇನ್ನೂ ಆಡಬೇಕು ಅನ್ನುತ್ತಾರೆ. ಪಕ್ಕದವರು ಸಾಲ ಕೊಡಲಿ.

50 ಆಟ ಆದಾಗ ಡಬ್ಬಿಯಲ್ಲಿ 50. ಐದು ಜನರ ಕೈಯಲ್ಲಿ ಸೇರಿ ಉಳಿದದ್ದು 50.

ನೋಡಿ, ಬೀಜ ಹೊರಗಿನಿಂದ ಒಂದೂ ಬರಲಿಲ್ಲ. ಐದು ಜನರಲ್ಲಿ ಯಾರೋ ಒಬ್ಬರು ಗೆದ್ದಿರಬಹುದು. ಅವರು ಗೆದ್ದದ್ದು ಉಳಿದ ನಾಲ್ವರ ಬೀಜ. ಆದರೆ ಡಬ್ಬಿ ಒಂದು ಸಲವೂ ಸೋಲಲಿಲ್ಲ. ಒಂದು ಎಲೆಯನ್ನೂ ಹಿಡಿಯದೆ ಅರ್ಧ ಬೀಜ ತಗೊಂಡಿತು.

ಮೊಬೈಲ್ ಕಂಪನಿಗಳ ಪಾಲು ಹೆಚ್ಚು ಕಡಿಮೆ ಇರುತ್ತಿತ್ತು. ಲೆಕ್ಕಕ್ಕೆ ಸುಲಭ ಅಂತ ನಾವು ಹತ್ತರಲ್ಲಿ ಒಂದು ಎಂದು ಇಟ್ಟುಕೊಂಡೆವು. ಪಾಲು ಎಷ್ಟೇ ಇರಲಿ, ದಾರಿ ಒಂದೇ. ಈ ಲೆಕ್ಕ ಮಕ್ಕಳಿಗೂ ಮಾಡಿ ತೋರಿಸಿ. ಬೈಗುಳಕ್ಕಿಂತ ಇದು ಚೆನ್ನಾಗಿ ಅರ್ಥ ಆಗುತ್ತದೆ. ಹೈಸ್ಕೂಲು ಹುಡುಗರಿಗೆ ಲೆಕ್ಕ ಬರುತ್ತದೆ. ಆದರೆ ಈ ಲೆಕ್ಕವನ್ನು ಅವರಿಗೆ ಯಾರೂ ಹಾಕಿಸಿಲ್ಲ.

ಬುದ್ಧಿಯ ಆಟ ಅಂತಾರಲ್ಲ?

"ಅಮ್ಮಾ, ರಮ್ಮಿ ಜೂಜಲ್ಲ. ಬುದ್ಧಿಯ ಆಟ. ಕೋರ್ಟೇ ಹೇಳಿದೆ" ಅಂತ ನಿಮ್ಮ ಮಗ ಹೇಳಬಹುದು. ಜಾಹೀರಾತಿನಲ್ಲಿ ಹಾಗೇ ಹೇಳುತ್ತಿದ್ದರು. ಸಿನಿಮಾ ನಟರು, ಕ್ರಿಕೆಟ್ ಆಟಗಾರರು ನಗು ನಗುತ್ತಾ ಟಿ.ವಿ.ಯಲ್ಲಿ ಬಂದು ಕರೆಯುತ್ತಿದ್ದರು. ಅವರಿಗೆ ದುಡ್ಡು ಬಂದದ್ದು ಆಡಿ ಅಲ್ಲ, ಕರೆದದ್ದಕ್ಕೆ.

ಮಗ ಹೇಳುವುದರಲ್ಲಿ ಸ್ವಲ್ಪ ನಿಜ ಇದೆ. 1967ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ರಮ್ಮಿಯಲ್ಲಿ ಬಿದ್ದ ಎಲೆ ನೆನಪು ಇಡಬೇಕು, ಯಾವುದು ಹಿಡಿಯಬೇಕು, ಯಾವುದು ಬಿಡಬೇಕು ಅಂತ ಲೆಕ್ಕ ಹಾಕಬೇಕು, ಅದು ಮೂರೆಲೆ ಆಟದ ಹಾಗೆ ಬರೀ ಅದೃಷ್ಟದ ಆಟ ಅಲ್ಲ ಎಂದು ಹೇಳಿತು. ಆಗ ಮೊಬೈಲು ಇರಲಿಲ್ಲ. ಮುಂದೆ ಕಂಪನಿಗಳು ಈ ಮಾತನ್ನೇ ಹಿಡಿದುಕೊಂಡವು.

ಆಯಿತು, ಬುದ್ಧಿಯ ಆಟ ಅಂತಲೇ ಒಪ್ಪೋಣ. ಆಗ ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಎದುರಿಗೆ ಯಾರು ಕೂತಿದ್ದಾರೆ? ಹತ್ತು ಸಾವಿರ ಆಟ ಆಡಿ ಪಳಗಿದವನು ಕೂತಿರಬಹುದು. ನಮ್ಮ ಮಗುವಿಗೆ ಹದಿನಾಲ್ಕು ವರ್ಷ. ಜಾತ್ರೆಯ ಕುಸ್ತಿ ಅಖಾಡದಲ್ಲಿ ಪೈಲ್ವಾನನ ಎದುರಿಗೆ ಹದಿನಾಲ್ಕು ವರ್ಷದ ಹುಡುಗನನ್ನು ಬಿಡುತ್ತೀರಾ? ಬುದ್ಧಿಯ ಆಟ ಆದಷ್ಟೂ ಮಗು ಸೋಲುವುದು ಹೆಚ್ಚು.

ಕಂಪನಿಗಳು ಕೂಡ 18 ವರ್ಷ ಆಗದವರು ಆಡಬಾರದು ಅಂತ ಬರೆದಿದ್ದವು. ಮಕ್ಕಳು ಏನು ಮಾಡಿದರು? ಅಮ್ಮನ ಆಧಾರ್ ಕಾರ್ಡು, ಅಮ್ಮನ ಪಾನ್ ಕಾರ್ಡು, ಅಮ್ಮನ ಫೋನ್ ನಂಬರು ಹಾಕಿದರು. ಅಲ್ಲಿ ಆಡಿದವಳು ಅಮ್ಮ ಅಂತ ದಾಖಲೆ ಆಯಿತು. ನೀವು ರಾಗಿ ಬೀಸಿಕೊಂಡು ಮನೆಯಲ್ಲೇ ಇದ್ದಿರಿ. ಕಂಪನಿಯ ಲೆಕ್ಕದಲ್ಲಿ ರಾತ್ರಿಯಿಡೀ ರಮ್ಮಿ ಆಡಿದಿರಿ!

ನಗಬೇಡಿ. ನಿಜವಾಗಿ ಹೀಗೆ ಆಗಿದೆ.

ಹೋದದ್ದನ್ನು ವಾಪಸ್ ತರೋಣ ಅಂತ

ಮಗು ಇದಕ್ಕೆ ಹೇಗೆ ಬೀಳುತ್ತದೆ? ಆ ಹುಡುಗನನ್ನು ಕೂರಿಸಿಕೊಂಡು ಕೇಳಿದೆವು. ಹೊಡೆಯಬೇಡಿ ಅಂತ ಮೊದಲೇ ತಾಯಿಗೆ ಹೇಳಿದ್ದೆವು.

ಊರಿನ ದೊಡ್ಡ ಹುಡುಗನೊಬ್ಬ ವಾಟ್ಸಾಪಿನಲ್ಲಿ ಒಂದು ಲಿಂಕ್ ಕಳಿಸಿದ್ದ. ಇನ್ನೊಬ್ಬರನ್ನು ಸೇರಿಸಿದರೆ ಕಳಿಸಿದವನಿಗೆ ದುಡ್ಡು ಅಂತ ಆಸೆ ತೋರಿಸಿದ್ದರು. ಹೀಗೆ ಹುಡುಗರೇ ಹುಡುಗರನ್ನು ಎಳೆದು ಹಾಕುತ್ತಾರೆ. ಇವನು ಸೇರಿದ ಕೂಡಲೇ 50 ರೂಪಾಯಿ ಪುಕ್ಕಟೆ ಸಿಕ್ಕಿತು. ಅದು ತೆಗೆದುಕೊಳ್ಳಲು ಬರುವ ದುಡ್ಡಲ್ಲ. ಆಡಲು ಮಾತ್ರ ಬರುವ ದುಡ್ಡು. ಮೊದಲ ದಿನ 120 ರೂಪಾಯಿ ಗೆದ್ದ. "ಅಮ್ಮ ಒಂದು ದಿನ ಕಳೆ ಕಿತ್ತರೆ ಬರೋ ದುಡ್ಡಿನ ಅರ್ಧ, ನನಗೆ ಅರ್ಧ ಗಂಟೆಯಲ್ಲಿ ಬಂತು" ಅಂದುಕೊಂಡ. ಇದು ಅವನದೇ ಮಾತು. ಅಮ್ಮನಿಗೆ ಸೀರೆ ತಂದು ಕೊಡಬೇಕು ಅಂತಲೂ ಅಂದುಕೊಂಡಿದ್ದನಂತೆ.

ಮೂರನೇ ದಿನದಿಂದ ಸೋಲು. ಗೆದ್ದದ್ದು ಹೋಯಿತು. ಅಮ್ಮನ ಖಾತೆಯಿಂದ 50 ಹಾಕಿದ. ಹೋಯಿತು. 100 ಹಾಕಿದ. ಒಂದು ಎಲೆ ಬಂದಿದ್ದರೆ ಗೆಲ್ಲುತ್ತಿದ್ದ. ಹಾಗೆ ಕೂದಲೆಳೆಯಲ್ಲಿ ಸೋತಾಗ ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲವಂತೆ.

"ನಾನು ಜಾಸ್ತಿ ಗೆಲ್ಲೋಕೆ ಆಡಲಿಲ್ಲ ಅಮ್ಮಾ. ಹೋದದ್ದನ್ನು ಮಾತ್ರ ವಾಪಸ್ ತಂದು ಇಟ್ಟುಬಿಡೋಣ, ನಿಂಗೆ ಗೊತ್ತೇ ಆಗಲ್ಲ ಅಂತ ಆಡ್ತಿದ್ದೆ" ಅಂದ. ಹೇಳ್ತಾ ಹೇಳ್ತಾ ಅತ್ತುಬಿಟ್ಟ. ತಾಯಿಯೂ ಅತ್ತರು. ನಮಗೂ ಗಂಟಲು ಕಟ್ಟಿತು.

ಧರ್ಮರಾಯನ ಕತೆ ನಿಮಗೆಲ್ಲ ಗೊತ್ತು. ಬಯಲಾಟದಲ್ಲಿ ನೋಡಿದ್ದೀರಿ. ಪಗಡೆ ಆಡಿ ರಾಜ್ಯ ಸೋತ. ತಮ್ಮಂದಿರನ್ನು ಸೋತ. ತನ್ನನ್ನೇ ಸೋತ. ದ್ರೌಪದಿಯನ್ನೂ ಪಣಕ್ಕೆ ಇಟ್ಟ. ಆಮೇಲೆ ದ್ರೌಪದಿಯಿಂದಾಗಿ ಹೋದದ್ದೆಲ್ಲ ವಾಪಸ್ ಬಂತು. ಅಷ್ಟಾದರೂ ಸುಮ್ಮನಿದ್ದನಾ? ಮತ್ತೆ ಕರೆದರು, ಮತ್ತೆ ಹೋಗಿ ಕೂತ. ಕಾಡಿಗೆ ಹೋಗುವ ಹಾಗಾಯಿತು. ಅವನು ಹೆಂಡತಿ, ಸಂಸಾರ, ರಾಜ್ಯ ಎಲ್ಲ ಇದ್ದ ದೊಡ್ಡ ಮನುಷ್ಯ. ಧರ್ಮ ತಿಳಿದವನು ಅಂತ ಹೆಸರಾದವನು. ಅವನಿಗೇ ಎದ್ದು ಬರಲು ಆಗಲಿಲ್ಲ. ಮೀಸೆ ಮೂಡದ ಹುಡುಗ ಎದ್ದು ಬರುತ್ತಾನಾ?

ವೈದ್ಯರೂ ಇದನ್ನೇ ಬೇರೆ ಮಾತಲ್ಲಿ ಹೇಳುತ್ತಾರೆ. "ಸಾಕು, ನಿಲ್ಲಿಸು" ಅಂತ ತಡೆಯುವ ಶಕ್ತಿ ಮೆದುಳಿನಲ್ಲಿ ನಿಧಾನವಾಗಿ ಬಲಿಯುತ್ತದೆ. ಇಪ್ಪತ್ತು ವರ್ಷ ದಾಟಿದ ಮೇಲೂ ಅದು ಬಲಿಯುತ್ತಲೇ ಇರುತ್ತದೆ. ಆಸೆ ಮಾತ್ರ ಅದಕ್ಕಿಂತ ಮೊದಲೇ ಬೆಳೆದು ನಿಂತಿರುತ್ತದೆ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಮೊಬೈಲ್ ಆಟದ ಗೀಳೂ ಆ ಪಟ್ಟಿಯಲ್ಲಿದೆ. ಅಂದರೆ ಅದಕ್ಕೆ ಚಿಕಿತ್ಸೆ ಇದೆ. ದೃಷ್ಟಿ ತೆಗೆಸಿದರೆ, ದೇವರಿಗೆ ಹರಕೆ ಕಟ್ಟಿದರೆ ಸಾಲದು.

ಹಾಗಾಗಿ ಆ ತಾಯಿಯ ಪ್ರಶ್ನೆಗೆ ನಮ್ಮ ಉತ್ತರ ಇದು. ಎಲೆ ಜೋಡಿಸುವುದು ತಪ್ಪಲ್ಲ. ಮಕ್ಕಳು ಮನೆಯಲ್ಲಿ ಕೂತು, ದುಡ್ಡಿಲ್ಲದೆ, ಕತ್ತೆ ಆಟ ಆಡಲಿ. ಚೌಕಾಬಾರ ಆಡಲಿ. ಅಳಗುಳಿಮಣೆ ಆಡಲಿ. ಅಳಗುಳಿಮಣೆಯಲ್ಲಿ ಸೋತವರ ಬೀಜವೂ ಆಟ ಮುಗಿದ ಮೇಲೆ ಅದೇ ಡಬ್ಬಿಗೆ ಬರುತ್ತದೆ, ನಾಳೆ ಮತ್ತೆ ಸಿಗುತ್ತದೆ. ದುಡ್ಡು ಕಟ್ಟುವ ಮೊಬೈಲ್ ಇಸ್ಪೀಟು ಮಕ್ಕಳಿಗೆ ಬೇಡ. ಹತ್ತು ರೂಪಾಯಿ ಕಟ್ಟುವುದೂ ಬೇಡ. ಲೂಡೋ ಹೆಸರಿನಲ್ಲಿ ದುಡ್ಡು ಕಟ್ಟಿಸಿದರೆ ಅದೂ ಇದೇ ಜಾತಿಯ ಆಟ.

ಕಾನೂನು ಏನು ಹೇಳುತ್ತದೆ?

ನಮ್ಮ ರಾಜ್ಯದಲ್ಲಿ 2007ರವರೆಗೆ ಲಾಟರಿ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಟೇಬಲ್ ಹಾಕಿ ಮಾರುತ್ತಿದ್ದರು. ಕೂಲಿ ದುಡ್ಡು ಮನೆಗೆ ಬರುವ ಮೊದಲು ಅಲ್ಲಿ ಇಳಿಯುತ್ತಿತ್ತು. ವಯಸ್ಸಾದವರಿಗೆ ನೆನಪಿರಬೇಕು. 2007ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಟೇಬಲ್ಲು ಹೋಯಿತು. ಕೆಲವು ವರ್ಷ ಕಳೆದ ಮೇಲೆ ಆ ಟೇಬಲ್ಲು ಮೊಬೈಲಿನ ಒಳಗೆ ಬಂದು ಕೂತಿತು ಅನ್ನಬಹುದು.

2021ರಲ್ಲಿ ಕರ್ನಾಟಕ ಸರ್ಕಾರ ಇಂಥ ಆಟ ತಡೆಯಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ದೆಹಲಿಯ ಸಂಸತ್ತು ಇಡೀ ದೇಶಕ್ಕೆ ಒಂದು ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳು ಅದಕ್ಕೆ ಸಹಿ ಹಾಕಿದರು. ಬುದ್ಧಿಯ ಆಟವೋ ಅದೃಷ್ಟದ ಆಟವೋ ಅನ್ನುವ ಜಗಳವನ್ನೇ ಆ ಕಾನೂನು ಬದಿಗಿಟ್ಟಿದೆ. ದುಡ್ಡು ಕಟ್ಟಿಸಿ, ದುಡ್ಡಿನ ಆಸೆ ತೋರಿಸಿ ಆಡಿಸುವ ಆಟ ಯಾವುದೇ ಇರಲಿ, ಆಡಿಸಬಾರದು ಅನ್ನುತ್ತದೆ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇದೆ. ಜಾಹೀರಾತು ಕೊಡುವವರಿಗೂ ಶಿಕ್ಷೆ ಇದೆ. ಇಂಥ ಆಟದಿಂದ ಸುಮಾರು 45 ಕೋಟಿ ಜನಕ್ಕೆ ತೊಂದರೆ ಆಗಿದೆ, 20,000 ಕೋಟಿ ರೂಪಾಯಿಗಿಂತ ಹೆಚ್ಚು ಕಳೆದುಹೋಗಿದೆ ಅಂತ ಕೇಂದ್ರ ಸರ್ಕಾರ ಆಗ ಅಂದಾಜು ಹೇಳಿತು.

ಒಂದು ವಿಷಯ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆಡಿ ಸೋತವರಿಗೆ ಈ ಕಾನೂನಿನಲ್ಲಿ ಶಿಕ್ಷೆ ಬರೆದಿಲ್ಲ. "ಹೇಳಿದರೆ ನನ್ನ ಮಗನನ್ನೇ ಹಿಡಿದುಕೊಂಡು ಹೋಗ್ತಾರೆ" ಅಂತ ಹೆದರಿ ಮುಚ್ಚಿಡಬೇಡಿ.

ಕಾನೂನು ಬಂದ ವಾರವೇ ಹಲವು ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು. ಕೆಲವರು ಕೋರ್ಟಿಗೆ ಹೋದರು. ಆದರೆ ಬೇರೆ ದೇಶದಲ್ಲಿ ಕೂತು ಆಡಿಸುವವರು ಇದ್ದಾರೆ. ಅವರ ಆಟ ವಾಟ್ಸಾಪು, ಟೆಲಿಗ್ರಾಂ ಲಿಂಕಿನಲ್ಲಿ ಬರುತ್ತದೆ. ಇವತ್ತು ಮುಚ್ಚಿದರೆ ನಾಳೆ ಬೇರೆ ಹೆಸರು. ನಾವು ಹೇಳಿದ ಹುಡುಗ ಆಡಿದ್ದು ಅಂಥದ್ದೇ ಲಿಂಕಿನಲ್ಲಿ. ಅಂಥ ಆ್ಯಪ್ ಇನ್ನೂ ಅಪಾಯ. ಅದು ಫೋನಿನಲ್ಲಿ ಬರುವ ಮೆಸೇಜು, ಒಟಿಪಿಗಳನ್ನು ಕದ್ದು ಓದಬಹುದು.

ಹಾಗಾದರೆ ಕಾನೂನು ಇದ್ದೂ ಏನು ಪ್ರಯೋಜನ ಅಂತ ಕೇಳಬಹುದು. ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅಂತ ಒಂದು ಹಳ್ಳಿ. ನಮ್ಮ ಹಾಗೆ ಅಲ್ಲೂ ಸಾಕ್ಷರತಾ ಆಂದೋಲನ ನಡೆದಿತ್ತು. ಅಲ್ಲಿನ ಹೆಂಗಸರು ಕಲಿಕೆಯ ಪುಸ್ತಕದಲ್ಲಿ ಸಾರಾಯಿಯ ಬಗ್ಗೆ ಒಂದು ಪಾಠ ಓದಿದರು. ಓದಿ ಪುಸ್ತಕ ಮುಚ್ಚಿಡಲಿಲ್ಲ. ಎದ್ದು ಹೋಗಿ ತಮ್ಮ ಊರಿಗೆ ಸಾರಾಯಿ ಬರದ ಹಾಗೆ ತಡೆದರು. 1992ರಲ್ಲಿ ಅದು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧ ಮಾಡಿತು. ಅಲ್ಲಿ ಹೆಂಗಸರು ಮೊದಲು ಎದ್ದರು, ಕಾನೂನು ಆಮೇಲೆ ಬಂತು. ನಮಗೆ ಕಾನೂನು ಮೊದಲೇ ಬಂದಿದೆ.

ಮನೆಯಲ್ಲಿ ಏನು ಮಾಡಬೇಕು?

ಫೋನಿಗೆ ನಾವು ಹೋಗಿ ಬೀಗ ಹಾಕಲು ಆಗುವುದಿಲ್ಲ. ಸಾರಾಯಿ ಅಂಗಡಿಯಾದರೆ ಹಾಕಬಹುದಿತ್ತು. ಇಲ್ಲಿ ಬೀಗ ಅಂದರೆ ನಿಮ್ಮ ಪಿನ್ ನಂಬರು. ನಾಲ್ಕು ಅಂಕಿ ಅಥವಾ ಆರು ಅಂಕಿ. ಸಾಮಾನ್ಯವಾಗಿ ಅದಿಲ್ಲದೆ ದೊಡ್ಡ ದುಡ್ಡು ಖಾತೆಯಿಂದ ಹೊರಗೆ ಹೋಗುವುದಿಲ್ಲ. ಯುಪಿಐ ಲೈಟ್ ಅಂತ ಒಂದು ಇದೆ. ಅದರಲ್ಲಿ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ. ನಿಮ್ಮ ಫೋನಿನಲ್ಲಿ ಅದು ಇದ್ದರೆ ತೆಗೆಸಿಬಿಡಿ.

ಓದಲು ಬಾರದ ಕಾಲದಲ್ಲಿ ಪಿನ್ ಮಕ್ಕಳಿಗೆ ಹೇಳಿದಿರಿ. ಅದರಲ್ಲಿ ನಿಮ್ಮ ತಪ್ಪಿಲ್ಲ. ಈಗ ಅಂಕಿ ಬರುತ್ತದಲ್ಲ, ಪಿನ್ ಬದಲಾಯಿಸಿ. ಹುಟ್ಟಿದ ವರ್ಷ ಬೇಡ. 1234 ಬೇಡ. ಗೋಡೆಯ ಮೇಲೆ, ಕ್ಯಾಲೆಂಡರಿನ ಮೇಲೆ ಬರೆಯಬೇಡಿ. ಎಟಿಎಂ ಕಾರ್ಡನ್ನೂ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಫೋನು, ಕಾರ್ಡು ಎರಡೂ ಸಿಕ್ಕಿದರೆ ಹೊಸ ಪಿನ್ ಮಾಡಿಕೊಳ್ಳಬಹುದು. ಹುಡುಗರಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ.

ಬ್ಯಾಂಕಿನ ಮೆಸೇಜು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುತ್ತದೆ. ನಮಗೆ ಕನ್ನಡವೇ ಈಗ ಬಂದಿದೆ. ಕನ್ನಡದಲ್ಲಿ ಕಳಿಸಿದರೆ ಅವರ ಗಂಟೇನು ಹೋಗುತ್ತದೆ ಅಂತ ನಮಗೂ ಸಿಟ್ಟು ಬರುತ್ತದೆ. ಇರಲಿ. ಅದರಲ್ಲಿ ಎರಡೇ ಮಾತು ಗುರುತು ಹಿಡಿಯಿರಿ. ಕ್ರೆಡಿಟ್ ಅಂದರೆ ದುಡ್ಡು ಬಂತು. ಡೆಬಿಟ್ ಅಂದರೆ ದುಡ್ಡು ಹೋಯಿತು. ಆ ಎರಡು ಮಾತಿನ ಇಂಗ್ಲಿಷ್ ರೂಪವನ್ನು ನಾಳೆ ಹಲಗೆಯ ಮೇಲೆ ದೊಡ್ಡದಾಗಿ ಬರೆದು ತೋರಿಸುತ್ತೇವೆ. ಹಿಂದೆ ಮುಂದೆ ಇರುವ ಅಂಕಿ ನೀವೇ ಓದಬಲ್ಲಿರಿ. ತಿಂಗಳಿಗೊಮ್ಮೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ.

ಹಿಂದೆ ಕೂತ ಅಜ್ಜಿ ಏನೋ ಕೇಳ್ತಿದ್ದಾರೆ. "ಮಗ ಅಲ್ಲ, ಅಳಿಯನೇ ಆಡ್ತಾನೆ. ಮೊಮ್ಮಗ ಪಕ್ಕದಲ್ಲಿ ಕೂತು ನೋಡ್ತಾನೆ." ಇದು ಕಷ್ಟದ ಮಾತು ಅಜ್ಜೀ. ಅಪ್ಪ ಆಡುವ ಮನೆಯಲ್ಲಿ ಮಗನಿಗೆ ಬುದ್ಧಿ ಹೇಳಿದರೆ ಅವನು ಕೇಳುವುದಿಲ್ಲ. ಅಳಿಯನ ಹತ್ತಿರ ಮಗಳು ಒಬ್ಬಳೇ ಮಾತಾಡುವುದು ಬೇಡ. ಸಂಘದವರು ನಾಲ್ಕು ಜನ ಹೋಗೋಣ. ಬೀಜ ತಗೊಂಡು ಹೋಗೋಣ. ಅವರಿಗೂ ಡಬ್ಬಿಯ ಲೆಕ್ಕ ತೋರಿಸೋಣ.

ಮಗು ಆಡುತ್ತಿದೆ ಅಂತ ಹೇಗೆ ತಿಳಿಯುವುದು? ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಏಳುವುದಿಲ್ಲ. ನೀವು ಹತ್ತಿರ ಹೋದರೆ ಫೋನು ಮಗುಚಿ ಇಡುತ್ತದೆ. ಅಂಗಡಿ ಸಾಮಾನಿನ ಚಿಲ್ಲರೆ ಸರಿಯಾಗಿ ವಾಪಸ್ ಬರುವುದಿಲ್ಲ. ಗೆಳೆಯರಲ್ಲಿ ಸಾಲ ಮಾಡುತ್ತದೆ. ಸುಮ್ಮಸುಮ್ಮನೆ ಸಿಡುಕುತ್ತದೆ. ಇದೆಲ್ಲ ಬೇರೆ ಕಾರಣಕ್ಕೂ ಇರಬಹುದು. ಆದ್ದರಿಂದ ಮೊದಲು ಕೇಳಿ.

ಗೊತ್ತಾದ ಮೇಲೆ ಹೊಡೆಯಬೇಡಿ. ಊರ ಮುಂದೆ ಮರ್ಯಾದೆ ತೆಗೆಯಬೇಡಿ. ಇದನ್ನು ನಾವು ಕೈ ಮುಗಿದು ಹೇಳುತ್ತೇವೆ. ದುಡ್ಡು ಕಳೆದ ಮಗು ಮೊದಲೇ ಹೆದರಿ ಮುದುಡಿರುತ್ತದೆ. ಮನೆ ಬಿಟ್ಟು ಹೋಗಬಹುದು. ಜೀವಕ್ಕೆ ಅಪಾಯ ಮಾಡಿಕೊಳ್ಳಬಹುದು. "ದುಡ್ಡು ಹೋಯ್ತು, ನೀನು ಇದೀಯಲ್ಲ, ಬಾ ಉಣ್ಣು" ಅಂತ ಮೊದಲು ಅನ್ನಿ. ಲೆಕ್ಕ ಆಮೇಲೆ ಕೇಳಿ.

ಈ ನಂಬರುಗಳನ್ನು ಬರೆದುಕೊಳ್ಳಿ. ನಿಧಾನವಾಗಿ ಹೇಳುತ್ತೇವೆ.

1930. ಫೋನಿನ ಮೂಲಕ ದುಡ್ಡು ಮೋಸ ಆದರೆ ಈ ನಂಬರಿಗೆ ಹೇಳಬೇಕು. ತಡ ಮಾಡಿದಷ್ಟೂ ದುಡ್ಡು ಕೈ ತಪ್ಪುತ್ತದೆ.

14416. ಇದು ಟೆಲಿ ಮನಸ್. ಮನಸ್ಸಿನ ಕಷ್ಟಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ. ದುಡ್ಡಿಲ್ಲ.

1098. ಇದು ಮಕ್ಕಳ ಸಹಾಯವಾಣಿ.

ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ಒಂದು ವಿಭಾಗ ಇದೆ. ಶಟ್ ಕ್ಲಿನಿಕ್ ಅಂತ ಅದರ ಹೆಸರು. 2014ರಲ್ಲಿ ಶುರುವಾಯಿತು. ಅಷ್ಟು ದೂರ ಹೋಗಲು ಆಗದಿದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ.

ಆ ತಾಯಿಯ ವಿಷಯ ಕೇಳ್ತೀರಿ ಅಂತ ಗೊತ್ತು. ದುಡ್ಡು ವಾಪಸ್ ಬಂದಿಲ್ಲ. ಮಗಳ ಫೀಸಿಗೆ ಸಂಘದಲ್ಲಿ ಸಾಲ ತೆಗೆದರು. ಮಗ ಈಗ ಸಂಜೆ ಹೊತ್ತು ನಮ್ಮ ಕೇಂದ್ರಕ್ಕೆ ಅಮ್ಮನ ಜೊತೆ ಬರುತ್ತಾನೆ. ಅಮ್ಮನಿಗೆ ಕೂಡುವ ಲೆಕ್ಕ, ಕಳೆಯುವ ಲೆಕ್ಕ ಹೇಳಿಕೊಡುತ್ತಾನೆ. ಎರಡು ಸಲ ಮತ್ತೆ ಆಡಲು ಮನಸ್ಸಾಯಿತು ಅಂತ ತಾನೇ ಬಂದು ಹೇಳಿದ. ಟೆಲಿ ಮನಸ್‌ಗೆ ಮಾತಾಡಿಸಿದೆವು.

ಹೊಸ ಪಿನ್ ಹಾಕುವ ದಿನ ಅವರು ಸ್ಲೇಟು ತಂದಿದ್ದರು. ನಮಗೆ ಬೆನ್ನು ಮಾಡಿ ಕೂತು, ಬಳಪದಲ್ಲಿ ನಾಲ್ಕು ಅಂಕಿ ಬರೆದರು. ತುಟಿ ಆಡಿಸಿ ಮೂರು ಸಲ ಓದಿಕೊಂಡರು. ಆಮೇಲೆ ಸೆರಗಿನಿಂದ ಒರೆಸಿಬಿಟ್ಟರು.

ಸರಿ, ಈಗ ಪಾಸ್‌ಬುಕ್ ತಂದವರು ಹೊರಗೆ ತೆಗೆಯಿರಿ. ಎಂಟ್ರಿ ಇರುವ ಕೊನೆಯ ಪುಟ ಬಿಚ್ಚಿ. ದುಡ್ಡು ಹೋದ ಸಾಲು ಯಾವುದು, ಬಂದ ಸಾಲು ಯಾವುದು, ನೋಡೋಣ. ಅಜ್ಜೀ, ಕನ್ನಡಕ ಹಾಕಿಕೊಳ್ಳಿ. ನಿಮ್ಮಿಂದಲೇ ಶುರು ಮಾಡೋಣ.